ಬೇಸಿಗೆ ರಜೆಗೆ ಚೆನ್ನೈಗೆ ಹೋಗ್ತೀರಾ? ಹಾಗಾದ್ರೆ ಮೊದಲು ದಿನದ ಲೆಕ್ಕ ಹಾಕಿ

ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಚೆನ್ನೈಗೆ ಹೋಗ್ತೀವಿ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು, "ಈ ಬಿಸಿಲಲ್ಲಾ?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳಿಗೆ ರಜೆ ಸಿಗುವುದೇ ಆಗ. ಮದುವೆ ಮುಹೂರ್ತಗಳು ಬರುವುದೂ ಆಗಲೇ. ಅಲ್ಲೇ ನೆಲೆಸಿರುವ ಚಿಕ್ಕಪ್ಪನೋ ಅಕ್ಕನೋ ಫೋನ್ ಮಾಡಿ "ಈ ಸಲನಾದ್ರೂ ಬಂದು ಹೋಗಿ" ಅಂತ ಕರೆಯುವುದೂ ಆಗಲೇ. ಹಾಗಾಗಿ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಬೇಸಿಗೆಯಲ್ಲೂ ಚೆನ್ನೈಯನ್ನು ಖುಷಿಯಾಗಿ ನೋಡಬಹುದು. ಯಾವ ಯಾವ ಜಾಗ ಅಂತ ಪಟ್ಟಿ ಮಾಡುವ ಮೊದಲು ಯಾವ ಹೊತ್ತಿನಲ್ಲಿ ಹೊರಗಿರಬೇಕು, ಯಾವ ಹೊತ್ತಿನಲ್ಲಿ ಒಳಗಿರಬೇಕು ಅನ್ನುವುದನ್ನು ತೀರ್ಮಾನ ಮಾಡಿಕೊಂಡರೆ ಸಾಕು.

ಬೆಳಗ್ಗೆ 5.30ರಿಂದ 9.30 ಹೊರಗೆ. 10ರಿಂದ 4.30 ಒಳಗೆ. 5ರ ನಂತರ ಮತ್ತೆ ಹೊರಗೆ. ಇಷ್ಟೇ ಪ್ಲಾನು. ರೈಲು, ರೂಮು, ಊಟ, ದೇವಸ್ಥಾನ, ಮ್ಯೂಸಿಯಂ ಎಲ್ಲವನ್ನೂ ಈ ಮೂರು ಭಾಗದೊಳಗೆ ಕೂರಿಸಿ. ಕೂರದೇ ಹೋದದ್ದನ್ನು ಬಿಟ್ಟುಬಿಡಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಅಲ್ಲಿನ ಸೆಕೆಯೇ ಬೇರೆ. ಕಲಬುರಗಿ, ರಾಯಚೂರಿನವರಿಗೆ 41–42 ಡಿಗ್ರಿ ಹೊಸದಲ್ಲ, ಆದರೆ ಅದು ಒಣ ಬಿಸಿಲು, ನೆರಳಿಗೆ ಬಂದು ಕೂತರೆ ಬೆವರು ಆರಿ ಮೈ ತಂಪಾಗುತ್ತದೆ. ಚೆನ್ನೈನಲ್ಲಿ ಗಾಳಿಯ ತುಂಬ ಸಮುದ್ರದ ತೇವ. ಬೆವರು ಆರುವುದೇ ಇಲ್ಲ, ಮೈಮೇಲೇ ನಿಲ್ಲುತ್ತದೆ. ಅದಕ್ಕೇ 37 ಡಿಗ್ರಿಯೂ ಅಲ್ಲಿ ಜಾಸ್ತಿ ಸುಸ್ತು ಮಾಡುತ್ತದೆ. ಇನ್ನೊಂದು, ರಾತ್ರಿ. ಬೆಂಗಳೂರಿನಲ್ಲಿ ಮೇ ತಿಂಗಳಲ್ಲೂ ರಾತ್ರಿ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕಿಟಕಿ ತೆಗೆದು ಮಲಗಿದರೆ ನಿದ್ದೆ ಬರುತ್ತದೆ. ಚೆನ್ನೈನಲ್ಲಿ ನಡುರಾತ್ರಿಯಲ್ಲೂ 28 ಡಿಗ್ರಿ ಇರುತ್ತದೆ. ನಿದ್ದೆ ಕೆಟ್ಟರೆ ಮಾರನೇ ದಿನ ಮಕ್ಕಳು ಅಳುತ್ತಾರೆ, ದೊಡ್ಡವರು ರೇಗುತ್ತಾರೆ, ಟ್ರಿಪ್ ಅಲ್ಲಿಗೇ ಕೆಡುತ್ತದೆ.

ಯಾವಾಗ ಹೋಗಬೇಕು

ನಮ್ಮ ರಾಜ್ಯದ ಶಾಲೆಗಳಿಗೆ ಏಪ್ರಿಲ್ 10–11ರ ಹೊತ್ತಿಗೆ ರಜೆ ಶುರುವಾಗುತ್ತದೆ. ಸಾಧ್ಯವಾದರೆ ಏಪ್ರಿಲ್‌ನಲ್ಲೇ ಹೋಗಿಬನ್ನಿ. ತಮಿಳುನಾಡಿನಲ್ಲಿ ಮೇ 4ರ ಸುಮಾರಿಗೆ ಕತ್ತಿರಿ ವೆಯಿಲ್ ಅಂತ ಶುರುವಾಗುತ್ತದೆ, ಅಗ್ನಿ ನಕ್ಷತ್ರ ಅಂತಲೂ ಹೇಳುತ್ತಾರೆ. ಅದು 28ರವರೆಗೂ ಇರುತ್ತದೆ. ವರ್ಷದ ಕಡು ಬಿಸಿಲು ಅದೇ. ನಮ್ಮ ರೈತರು ಕೃತ್ತಿಕೆ ಮಳೆಗೆ ಕಾಯುವ ದಿನಗಳಲ್ಲಿ ಅಲ್ಲಿ ಮಳೆಯ ಸುಳಿವೇ ಇರುವುದಿಲ್ಲ, ಅವರ ದೊಡ್ಡ ಮಳೆಗಾಲ ಅಕ್ಟೋಬರ್ ನಂತರ. 2003ರ ಮೇ ಕೊನೆಯಲ್ಲಿ ಅಲ್ಲಿ 45 ಡಿಗ್ರಿ ಮುಟ್ಟಿತ್ತು. ಮದುವೆ ಅಂತ ಮೇ ತಿಂಗಳಲ್ಲೇ ಹೋಗಬೇಕಾಗಿ ಬಂದರೆ ಮದುವೆಯ ಹಿಂದೆಯೋ ಮುಂದೆಯೋ ಎರಡು ದಿನ ಸೇರಿಸಿಕೊಳ್ಳಿ, ಒಂದು ವಾರ ಬೇಡ.

ವರ್ಷ ತುಂಬದ ಮಗು ಇದ್ದರೆ, ಮನೆಯಲ್ಲಿ ಗರ್ಭಿಣಿ ಇದ್ದರೆ, ಹೃದಯದ್ದೋ ಕಿಡ್ನಿಯದೋ ತೊಂದರೆ ಇರುವ ಹಿರಿಯರಿದ್ದರೆ, ಮೇ ತಿಂಗಳ ಚೆನ್ನೈ ಬೇಡ ಅಂತ ನೇರವಾಗಿಯೇ ಹೇಳುತ್ತೇನೆ. ಡಿಸೆಂಬರ್ ಕೊನೆಗೋ ಜನವರಿಗೋ ಹೋಗಿ. ಅದೇ ಊರು ಆಗ ಎಷ್ಟು ಹಿತವಾಗಿರುತ್ತದೆ ಅಂದರೆ, ಸಂಗೀತದ ಸೀಸನ್ನೂ ಸಿಗುತ್ತದೆ, ಮೈಲಾಪುರದ ಬೀದಿಗಳಲ್ಲಿ ನಡೆದುಕೊಂಡೇ ಓಡಾಡಬಹುದು.

ಹೋಗೋದು, ಉಳಿಯೋದು

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್. ಹೆಚ್ಚಿನವರು ಬೆಳಗ್ಗೆ 6ರ ಶತಾಬ್ದಿ ಹತ್ತುತ್ತಾರೆ. ರೈಲು ಚೆನ್ನಾಗಿದೆ, ಆದರೆ ಅದು ಸೆಂಟ್ರಲ್ ಮುಟ್ಟುವುದು 11ಕ್ಕೆ. ಲಗೇಜು, ಮಕ್ಕಳು, ಅಜ್ಜಿ ಎಲ್ಲರನ್ನೂ ಇಟ್ಟುಕೊಂಡು ಹೊರಗೆ ಬರುವಾಗ ನೆತ್ತಿ ಮೇಲೆ ಬಿಸಿಲು, ರೂಮು ಸಿಗುವುದು 12ರ ನಂತರ. ಒಬ್ಬರೇ ಕೆಲಸಕ್ಕೆ ಹೋಗುವವರಿಗೆ ಅದು ಸರಿ. ಕುಟುಂಬಕ್ಕೆ ಮಧ್ಯಾಹ್ನ 3ರ ಸುಮಾರಿಗೆ ಹೊರಟು ರಾತ್ರಿ 9ರ ಆಸುಪಾಸಿಗೆ ತಲುಪುವ ಬೃಂದಾವನ ಎಕ್ಸ್‌ಪ್ರೆಸ್ಸೇ ವಾಸಿ. ಮೈಸೂರಿನಿಂದ ಮಧ್ಯಾಹ್ನ ಹೊರಡುವ ಶತಾಬ್ದಿಯೂ ರಾತ್ರಿಗೇ ಮುಟ್ಟುತ್ತದೆ. ಹೋಗಿ, ಸ್ನಾನ ಮಾಡಿ, ಮೊಸರನ್ನ ತಿಂದು ಮಲಗಿದರೆ ಮಾರನೇ ಬೆಳಗ್ಗೆ ಎಲ್ಲರೂ ತಾಜಾ ಇರುತ್ತಾರೆ. ಟಿಕೆಟ್ ಈಗ 60 ದಿನ ಮುಂಚೆಯಷ್ಟೇ ತೆರೆಯುತ್ತದೆ (2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು), ಬೇಸಿಗೆ ರಜೆಯಲ್ಲಿ ಬೇಗ ತುಂಬಿಹೋಗುತ್ತದೆ, ಹಾಗಾಗಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟು ಅವತ್ತೇ ಮಾಡಿ.

ಕಾರಲ್ಲಿ ಹೋಗುವವರು ಬೆಳಗಿನ ಜಾವ 4ಕ್ಕೆ ಬಿಡಿ. ಕೃಷ್ಣಗಿರಿ ದಾಟಿ ತಿಂಡಿ ಮಾಡಿದರೂ ವೆಲ್ಲೂರು, ರಾಣಿಪೇಟೆ ಕಡೆಯ ಬಯಲು ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಬಿಟ್ಟು "ಎರಡೇ ನಿಮಿಷ" ಅಂತ ಅಂಗಡಿಗೆ ಇಳಿಯಬೇಡಿ. ಮಲಗಿದ್ದರೂ ಎತ್ತಿಕೊಂಡೇ ಹೋಗಿ. ಗಾಜು ಸ್ವಲ್ಪ ಇಳಿಸಿಟ್ಟರೂ ಪ್ರಯೋಜನವಿಲ್ಲ, ಕಾರಿನ ಒಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಸರ್ರನೆ ಏರುತ್ತದೆ.

ರೂಮಿನ ವಿಷಯಕ್ಕೆ ಬಂದರೆ, ಅಗ್ಗ ಅಂತ ದೂರದಲ್ಲಿ ಮಾಡಬೇಡಿ. ನೀವು ಮಧ್ಯಾಹ್ನ ವಾಪಸ್ ಬರಲೇಬೇಕು, ಬರಲು ಒಂದು ಗಂಟೆ ಹಿಡಿಯುತ್ತದೆ ಅಂದರೆ ಯಾರೂ ಬರುವುದಿಲ್ಲ, ಬಿಸಿಲಲ್ಲೇ ಅಲೆಯುತ್ತಾರೆ. ಸಮುದ್ರಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಅದಕ್ಕೊಂದು ಕಾರಣ ಇದೆ. ಬೇಸಿಗೆಯಲ್ಲಿ ಬೆಳಗ್ಗೆಯೆಲ್ಲ ಪಶ್ಚಿಮದಿಂದ ನೆಲದ ಮೇಲಿನ ಬಿಸಿಗಾಳಿ ಬೀಸುತ್ತಿರುತ್ತದೆ. ನೆಲ ಚೆನ್ನಾಗಿ ಕಾದ ಮೇಲೆ, 12ರಿಂದ 2ರ ಒಳಗೆ ಹೆಚ್ಚುಕಮ್ಮಿ, ಸಮುದ್ರದ ಕಡೆಯಿಂದ ಗಾಳಿ ಒಳನುಗ್ಗುತ್ತದೆ. ಆ ಗಾಳಿ ಬೇಗ ಬಂದ ದಿನ ಬಿಸಿ ಅಲ್ಲಿಗೇ ನಿಲ್ಲುತ್ತದೆ. ತಡವಾದ ದಿನ 40 ದಾಟುತ್ತದೆ. ಮೈಲಾಪುರ, ತಿರುವಲ್ಲಿಕೇಣಿ, ಬೆಸೆಂಟ್ ನಗರದಂಥ ಕರಾವಳಿ ಬಡಾವಣೆಗಳಿಗೆ ಅದು ಮೊದಲು ಸಿಗುತ್ತದೆ, ಪಶ್ಚಿಮದ ಬಡಾವಣೆಗಳಿಗೆ ಮುಟ್ಟುವಷ್ಟರಲ್ಲಿ ಹೊತ್ತಾಗಿರುತ್ತದೆ. ಕರಾವಳಿ ಬದಿಯ ರೂಮಿನ ಬಾಲ್ಕನಿಯಲ್ಲಿ ನಿಂತು ನೋಡಿ: ಗಾಳಿಯೇ ಇಲ್ಲದೆ ತೆಂಗಿನ ಗರಿಗಳು ನಿಶ್ಚಲವಾಗಿ ನಿಂತಿರುತ್ತವೆ, ಇದ್ದಕ್ಕಿದ್ದ ಹಾಗೆ ಪೂರ್ವದ ಕಡೆಯಿಂದ ಅಲ್ಲಾಡಲು ಶುರುವಾಗುತ್ತವೆ, ಐದೇ ನಿಮಿಷದಲ್ಲಿ ಒಣಹಾಕಿದ ಬಟ್ಟೆಯೆಲ್ಲ ಹಾರತೊಡಗುತ್ತದೆ.

ಬುಕ್ ಮಾಡುವ ಮೊದಲು ಹೋಟೆಲಿಗೆ ಒಂದು ಫೋನ್ ಮಾಡಿ ಕೇಳಿ. ಎಸಿ ಎಲ್ಲ ರೂಮಿಗೂ ಇದೆಯಾ, ಕರೆಂಟ್ ಹೋದರೆ ಜನರೇಟರ್‌ನಲ್ಲಿ ಎಸಿ ನಡೆಯುತ್ತಾ, ಇಲ್ಲಾ ಫ್ಯಾನ್ ಮಾತ್ರವಾ? ಲಿಫ್ಟ್ ಇದೆಯಾ? ತಾರಸಿಯ ಕೆಳಗಿನ ಕೊನೆ ಮಹಡಿ ಮತ್ತು ಪಶ್ಚಿಮದ ಗೋಡೆಯ ರೂಮು ಬೇಡ ಅನ್ನಿ, ಅವು ಹಗಲೆಲ್ಲ ಕಾದು ರಾತ್ರಿ ಹನ್ನೆರಡರವರೆಗೂ ಧಗೆ ಬಿಡುತ್ತವೆ. ನೆಂಟರ ಮನೆಯಲ್ಲಿ ಉಳಿಯುವುದಾದರೆ ಇದನ್ನೆಲ್ಲ ಕೇಳಲು ಆಗುವುದಿಲ್ಲ, ಸರಿ. ಆದರೆ ಒಂದೇ ಎಸಿ ರೂಮಿರುವ ಮನೆಗೆ ಆರು ಜನ ಹೋಗಿ ಇಳಿಯುವುದಕ್ಕಿಂತ ಹತ್ತಿರದಲ್ಲೇ ರೂಮು ಮಾಡಿ, ಊಟಕ್ಕೆ ಮಾತ್ರ ಅವರ ಮನೆಗೆ ಹೋಗುವುದು ಇಬ್ಬರಿಗೂ ಹಿತ. "ಅಜ್ಜಿಗೆ ರಾತ್ರಿ ಎಸಿ ಬೇಕು ಚಿಕ್ಕಮ್ಮ, ನಿಮಗೂ ತೊಂದರೆ ಬೇಡ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಳಗಿನ ಆ ನಾಲ್ಕು ತಾಸು

ಈ ಊರಿನಲ್ಲಿ ಬೇಸಿಗೆಯ ಅತ್ಯುತ್ತಮ ಹೊತ್ತು ಇದೇ. ಮಕ್ಕಳನ್ನು 5ಕ್ಕೆ ಎಬ್ಬಿಸುವುದು ಕಷ್ಟ ಅಂತ ಗೊತ್ತು. ಮೊದಲ ದಿನ ಮರೀನಾದಲ್ಲಿ ಸೂರ್ಯೋದಯ ತೋರಿಸಿ, ಆಮೇಲೆ ತಾವಾಗೇ ಏಳುತ್ತಾರೆ. ಮಲ್ಪೆ, ಗೋಕರ್ಣ ಅಂತ ಹೋಗಿ ಸೂರ್ಯ ಕಡಲಲ್ಲಿ ಮುಳುಗುವುದನ್ನಷ್ಟೇ ನೋಡಿದ ಮಕ್ಕಳಿಗೆ ಅದು ಕಡಲಿಂದ ಮೇಲೆ ಬರುವುದು ಹೊಸದು. ಮೇ ತಿಂಗಳಲ್ಲಿ 5.45ರ ಸುಮಾರಿಗೆ ಉದಯ. ಮರಳು ಆಗ ತಣ್ಣಗಿರುತ್ತದೆ, ಬರಿಗಾಲಲ್ಲಿ ಓಡಬಹುದು. ನೀರಿಗೆ ಮಾತ್ರ ಇಳಿಸಬೇಡಿ, ಪಾದ ನೆನೆದರೆ ಸಾಕು. ಮರೀನಾದಲ್ಲಿ ಸೆಳೆತ ಜೋರು, ಈಜಲು ಬಿಡುವುದಿಲ್ಲ, ಈಜು ಬಲ್ಲವರೂ ಅಲ್ಲಿ ಸಿಕ್ಕಿಬಿದ್ದಿದ್ದಾರೆ.

ಎರಡನೇ ಬೆಳಗ್ಗೆ ಮೈಲಾಪುರದ ಕಪಾಲೀಶ್ವರ ದೇವಸ್ಥಾನ. ಗೋಪುರ, ಪಕ್ಕದ ಕೊಳ, ಸುತ್ತಲಿನ ಮಾಡ ಬೀದಿಗಳಲ್ಲಿ ಹೂವಿನ ಅಂಗಡಿ. 6ಕ್ಕೆ ಹೋದರೆ ಎಲ್ಲವನ್ನೂ ನಿಧಾನವಾಗಿ ನೋಡಬಹುದು. ಅದೇ ದೇವಸ್ಥಾನಕ್ಕೆ 11ಕ್ಕೆ ಹೋದವರನ್ನೂ ನೋಡಿ: ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ಮಕ್ಕಳು ಪ್ರಾಕಾರದ ಕಾದ ಕಲ್ಲಿನ ಮೇಲೆ ಕಾಲು ಊರಲಾಗದೆ ಒಂಟಿ ಕಾಲಲ್ಲಿ ಕುಣಿಯುತ್ತ, ನೆರಳಿನ ಪಟ್ಟಿ ಹುಡುಕಿ ಓಡುತ್ತಾರೆ, ಹಿಂದೆ ಅಜ್ಜಿ ಸೆರಗನ್ನು ತಲೆಗೆ ಹೊದ್ದು ಬಿರಬಿರನೆ ಬರುತ್ತಿರುತ್ತಾರೆ, ದೇವರ ಮುಂದೆ ನಿಂತಾಗಲೂ ಕಾಲಿನದೇ ಚಿಂತೆ. ಹಿರಿಯರ ಬ್ಯಾಗಿನಲ್ಲಿ ಒಂದು ಜೊತೆ ದಪ್ಪ ಹತ್ತಿ ಸಾಕ್ಸ್ ಹಾಕಿ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ಬೇಕೇ ಬೇಕು, ಪಾದ ಸುಟ್ಟದ್ದು ಅವರಿಗೆ ತಕ್ಷಣ ಗೊತ್ತಾಗುವುದಿಲ್ಲ. ಹೆಚ್ಚಿನ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕಿ ಸಂಜೆ 4ರ ಮೇಲೆ ತೆಗೆಯುತ್ತವೆ ಅನ್ನುವುದೂ ನೆನಪಿರಲಿ.

ದರ್ಶನ ಆದ ಮೇಲೆ ತಿಂಡಿಗೆ ಅಲ್ಲೇ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್‌ಗೆ ಹೋಗಬಹುದು. ಉಡುಪಿ ಕಡೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಕಟ್ಟಿದ ಹೋಟೆಲು ಅದು. ಮದ್ರಾಸಿಗೆ ಉಡುಪಿ ಊಟದ ರುಚಿ ಹತ್ತಿಸಿದವರಲ್ಲಿ ಅವರ ಹೆಸರು ದೊಡ್ಡದು. ಮಕ್ಕಳಿಗೆ ಇದನ್ನು ಹೇಳಿ, ದೋಸೆ ತಿನ್ನುತ್ತ ಕೇಳಿಸಿಕೊಳ್ಳುತ್ತಾರೆ.

ಮೂರನೇ ಬೆಳಗ್ಗೆ ಮಹಾಬಲಿಪುರ. ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇಡೀ ಪ್ರವಾಸದಲ್ಲಿ ಮಕ್ಕಳಿಗೆ ಬಹಳ ಕಾಲ ನೆನಪಿರುವುದು ಇದು, ಮತ್ತು ಹೆಚ್ಚಿನವರು ಬಿಸಿಲಿಗೆ ಸಿಕ್ಕಿ ಕೆಡಿಸಿಕೊಳ್ಳುವುದೂ ಇದನ್ನೇ. ಚೆನ್ನೈನಿಂದ ಸುಮಾರು 55 ಕಿಲೋಮೀಟರ್, ಈಸ್ಟ್ ಕೋಸ್ಟ್ ರೋಡ್‌ನಲ್ಲಿ ಬೆಳಗ್ಗೆ ಒಂದೂಕಾಲು ಗಂಟೆ ಸಾಕು. ಸ್ಮಾರಕಗಳು 6ಕ್ಕೇ ತೆರೆಯುತ್ತವೆ. 5ಕ್ಕೆ ಹೊರಟು ಮೊದಲು ಕಡಲ ತೀರದ ದೇವಾಲಯಕ್ಕೆ ಹೋಗಿ, ಅಲ್ಲಿ ನೆರಳಿಲ್ಲ, ಹುಲ್ಲುಹಾಸು ಮತ್ತು ಬಯಲು. ಆಮೇಲೆ ಪಂಚರಥ, ಅಲ್ಲೂ ನೆರಳಿಲ್ಲ. ಎರಡಕ್ಕೂ ಒಂದೇ ಟಿಕೆಟ್, ಹಾಗಾಗಿ ಚೀಟಿ ಎಸೆಯಬೇಡಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 8ರ ಹೊತ್ತಿಗೆ ಅರ್ಜುನನ ತಪಸ್ಸಿನ ಬಂಡೆಗೆ ಬನ್ನಿ. ಅದು ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬೆಳಕು ನೇರ ಬಿದ್ದು ಆನೆ, ನಾಗ, ಗಂಧರ್ವರು ಎಲ್ಲ ಎದ್ದು ಕಾಣುತ್ತಾರೆ. ಮಕ್ಕಳಿಗೆ ಒಂದು ಕೆಲಸ ಕೊಡಿ: "ಬೆಕ್ಕು ಎಲ್ಲಿದೆ ಹುಡುಕು." ದೊಡ್ಡ ಆನೆಯ ಸೊಂಡಿಲಿನ ಮುಂದೆ, ಹಿಂಗಾಲ ಮೇಲೆ ನಿಂತು ಎರಡೂ ಕೈ ಮೇಲೆತ್ತಿ ತಪಸ್ಸು ಮಾಡುತ್ತಿರುವ ಬೆಕ್ಕು, ಅದರ ಸುತ್ತ ಧೈರ್ಯವಾಗಿ ಓಡಾಡುತ್ತಿರುವ ಇಲಿಗಳು. ಸಾವಿರದ ಮುನ್ನೂರು ವರ್ಷ ಹಿಂದೆ ಪಲ್ಲವರ ಶಿಲ್ಪಿ ಮಾಡಿದ ಆ ತುಂಟತನ ಇವತ್ತಿನ ಮಗುವಿಗೂ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಪಲ್ಲವರು ಅಂದರೆ ಯಾರು ಅಂತ ಕೇಳಿದರೆ, ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಜೊತೆ ಯುದ್ಧ ಮಾಡಿದವರು ಅನ್ನಿ, ಅಲ್ಲಿಂದ ಕಥೆ ತಾನಾಗೇ ಮುಂದುವರಿಯುತ್ತದೆ.

9.30ಕ್ಕೆ ಗಾಡಿ ಹತ್ತಿ. ಇನ್ನೂ ಗುಹೆಗಳಿವೆ, ದೀಪಸ್ತಂಭ ಇದೆ ಅಂತ ಆಸೆಯಾಗುತ್ತದೆ, ಆದರೆ ಬಂಡೆಗಳು ಕಾದಮೇಲೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಎಲ್ಲವನ್ನೂ ನೋಡಲೇಬೇಕು ಅನ್ನುವವರು ಒಂದು ರಾತ್ರಿ ಅಲ್ಲೇ ಉಳಿದು ಸಂಜೆಯೂ ಬೆಳಗ್ಗೆಯೂ ನೋಡಿ. ಹಾಗೆ ಉಳಿದರೆ ವಾಪಸ್ ಬರುವಾಗ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೂ ಸಮಯ ಸಿಗುತ್ತದೆ. ದಕ್ಷಿಣದ ರಾಜ್ಯಗಳ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ, 1996ರಿಂದ ಜನರಿಗೆ ತೆರೆದಿದೆ. ಇಳಕಲ್ಲಿನ ನೇಕಾರರ ಮನೆಯೂ ಅಲ್ಲಿದೆ. ಎಸಿ ಇಲ್ಲದ ಕಾಲದಲ್ಲಿ ದಪ್ಪ ಗೋಡೆ, ಜಗಲಿ, ತೊಟ್ಟಿ ಇಟ್ಟು ಮನೆಯನ್ನು ಹೇಗೆ ತಂಪಾಗಿಡುತ್ತಿದ್ದರು ಅಂತ ಮಕ್ಕಳಿಗೆ ಒಳಗೆ ಕೂರಿಸಿಯೇ ತೋರಿಸಬಹುದು. ಮಂಗಳವಾರ ರಜೆ. ಅದೇ ರಸ್ತೆಯ ಮೊಸಳೆ ಪಾರ್ಕಿಗೆ ಸೋಮವಾರ ರಜೆ.

ಮಧ್ಯಾಹ್ನ

ಒಳಗೆ ಅಂದರೆ ರೂಮೇ ಮೊದಲು. ಊಟ ಮಾಡಿ, ಪರದೆ ಎಳೆದು, ಎರಡು ಗಂಟೆ ಮಲಗಿ. ಬೆಳಗ್ಗೆ 5ಕ್ಕೆ ಎದ್ದವರಿಗೆ ನಿದ್ದೆ ತಾನಾಗೇ ಬರುತ್ತದೆ. ಟ್ರಿಪ್‌ಗೆ ಬಂದು ಮಲಗೋದಾ ಅನ್ನುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ಕೋಟ್ಟೂರ್‌ಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ ಕಳಿಸಿ, ಮಕ್ಕಳನ್ನೂ ಜೊತೆ ಮಾಡಿ. 2010ರಲ್ಲಿ ತೆರೆದ, ಒಂಬತ್ತು ಮಹಡಿಯ, ಎಸಿ ಇರುವ ಸರ್ಕಾರಿ ಗ್ರಂಥಾಲಯ, ಮಕ್ಕಳಿಗೆ ಬೇರೆಯೇ ವಿಭಾಗ ಇದೆ. ಪಕ್ಕದಲ್ಲೇ ಬಿರ್ಲಾ ತಾರಾಲಯ. ಎರಡೂ ಸೇರಿ ಒಂದು ಇಡೀ ಮಧ್ಯಾಹ್ನ ಕಳೆಯುತ್ತದೆ.

ಇನ್ನೊಂದು ಮಧ್ಯಾಹ್ನಕ್ಕೆ ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯ, 1851ರಲ್ಲಿ ಶುರುವಾದದ್ದು. ಶುಕ್ರವಾರ ರಜೆ. ಕಟ್ಟಡಗಳು ಬೇರೆ ಬೇರೆ ಇವೆ, ಒಂದರಿಂದ ಇನ್ನೊಂದಕ್ಕೆ ಬಿಸಿಲಲ್ಲೇ ದಾಟಬೇಕು. ಹಾಗಾಗಿ ಎಲ್ಲವನ್ನೂ ನೋಡಲು ಹೋಗದೆ ಕಂಚಿನ ವಿಗ್ರಹಗಳ ವಿಭಾಗವನ್ನೇ ಹಿಡಿಯಿರಿ. ಚೋಳರ ಕಾಲದ ನಟರಾಜರು, ತಿರುವೆಣ್ಕಾಡಿನ ಅರ್ಧನಾರೀಶ್ವರ. ಅಷ್ಟೇ ನೋಡಿ ಬಂದರೂ ಹೋಗಿದ್ದು ಸಾರ್ಥಕ.

ಓಡಾಟಕ್ಕೆ ಮೆಟ್ರೋ ಇದ್ದಲ್ಲೆಲ್ಲ ಮೆಟ್ರೋ. ಸೆಂಟ್ರಲ್, ಎಗ್ಮೋರ್, ವಿಮಾನ ನಿಲ್ದಾಣ ಎಲ್ಲವೂ ಅದರಲ್ಲಿ ಸೇರುತ್ತವೆ, ನೆಲದಡಿಯ ನಿಲ್ದಾಣಗಳೂ ತಂಪಾಗಿರುತ್ತವೆ. ಟಿ. ನಗರದ ರಂಗನಾಥನ್ ಬೀದಿಯ ಶಾಪಿಂಗ್ ಅನ್ನು ಮಕ್ಕಳ ಜೊತೆ ಬೇಸಿಗೆಯಲ್ಲಿ ಮಾಡಬೇಡಿ. ಸೀರೆ ತಗೊಳ್ಳಲೇಬೇಕಿದ್ದರೆ ಇಬ್ಬರು ಹೋಗಿ, ಉಳಿದವರು ರೂಮಿನಲ್ಲಿರಲಿ.

ಕುಡಿಯೋದು, ತಿನ್ನೋದು, ಮೈ ನೋಡಿಕೊಳ್ಳೋದು

ಬಾಯಾರಿಕೆ ಆಗುವವರೆಗೆ ಕಾಯಬೇಡಿ. ಮಕ್ಕಳಿಗೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸುತ್ತಲೇ ಇರಿ. ಬರೀ ನೀರಾದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ಅದಕ್ಕೆ ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು. ಓಆರ್‌ಎಸ್ ಪೊಟ್ಟಣ ನಾಲ್ಕಾರು ಇಟ್ಟುಕೊಳ್ಳಿ, ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಣ್ಣದ ತಂಪು ಪಾನೀಯ ಇದಕ್ಕೆ ಬದಲಿ ಆಗುವುದಿಲ್ಲ.

ತಾಟಿನಿಂಗು ಮಾತ್ರ ತಪ್ಪಿಸಬೇಡಿ, ಅಲ್ಲಿ ನುಂಗು ಅನ್ನುತ್ತಾರೆ. ರಸ್ತೆ ಬದಿ ಕರಿ ಕಾಯಿಗಳ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಮಚ್ಚಿನಿಂದ ಮೇಲ್ಭಾಗ ಸವರಿದರೆ ಒಳಗೆ ಮೂರು ಕಣ್ಣು, ಹೆಬ್ಬೆರಳು ಹಾಕಿ ಒಂದೊಂದೇ ಎಬ್ಬಿಸುತ್ತಾರೆ. ಎಳೆಯದಾದರೆ ಬೆರಳಿಗೆ ಅದುರುತ್ತದೆ, ಕಚ್ಚಿದರೆ ನಡುವಿನಿಂದ ತಣ್ಣನೆ ಸಿಹಿನೀರು ಚಿಮ್ಮುತ್ತದೆ. ಬಲಿತದ್ದು ಮಕ್ಕಳ ಹೊಟ್ಟೆಗೆ ಭಾರ, ಎಳೆಯದನ್ನೇ ಕೇಳಿ, ನಿಮ್ಮ ಕಣ್ಣೆದುರೇ ಕೊಯ್ಯಿಸಿ. ಕತ್ತರಿಸಿಟ್ಟ ಕಲ್ಲಂಗಡಿ, ರಸ್ತೆ ಬದಿಯ ಐಸ್ ಹಾಕಿದ ಜ್ಯೂಸು ಬೇಡ. ಕುಡಿಯಲು ಕ್ಯಾನ್ ನೀರೋ ಬಾಟಲಿ ನೀರೋ ಆಗಲಿ.

ಬಟ್ಟೆ ತೆಳು ಹತ್ತಿಯದು, ದಿನಕ್ಕೆ ಎರಡು ಜೊತೆ ಲೆಕ್ಕ. ಮಕ್ಕಳ ಕುತ್ತಿಗೆ, ಬೆನ್ನಿಗೆ ಬೆವರುಸಾಲೆ ಏಳುತ್ತದೆ, ಹೊರಗಿನಿಂದ ಬಂದ ಕೂಡಲೇ ಸ್ನಾನ ಮಾಡಿಸಿ. ಇನ್ಸುಲಿನ್ ತಗೊಳ್ಳುವವರು ತಂಪು ಚೀಲದಲ್ಲಿಡಿ, ರೂಮಿನಲ್ಲಿ ಫ್ರಿಜ್ ಇದೆಯಾ ಅಂತ ಮೊದಲೇ ಕೇಳಿ. ಬಿಪಿಗೆ ಮೂತ್ರ ಹೋಗುವ ಮಾತ್ರೆ ತಗೊಳ್ಳುವ ಹಿರಿಯರು ಹೊರಡುವ ಮೊದಲು ತಮ್ಮ ಡಾಕ್ಟರನ್ನು ಒಮ್ಮೆ ಕೇಳಲಿ, ಎಷ್ಟು ನೀರು, ಎಷ್ಟು ಉಪ್ಪು ಅಂತ.

ತಲೆನೋವು, ವಾಕರಿಕೆ, ಕಾಲಿನ ಸ್ನಾಯು ಹಿಡಿಯುವುದು ಕಂಡರೆ ಅವತ್ತಿನ ಓಡಾಟ ಮುಗಿಯಿತು ಅಂತಲೇ ಲೆಕ್ಕ. ತಂಪಿನಲ್ಲಿ ಮಲಗಿಸಿ, ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕಾದು ಪ್ರಜ್ಞೆ ಮಂಕಾದರೆ ಅದು ಬಿಸಿಲಾಘಾತ, ಕಾಯುವ ಹಾಗಿಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ ಮೈಗೆಲ್ಲ ನೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ಸರಿ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ಸಂಜೆಗೆ ಸಮುದ್ರ. ಹಿರಿಯರಿದ್ದರೆ ಬೆಸೆಂಟ್ ನಗರ ವಾಸಿ, ಮರೀನಾದಲ್ಲಿ ರಸ್ತೆಯಿಂದ ನೀರಿನವರೆಗೆ ಮರಳಲ್ಲಿ ತುಂಬ ನಡೆಯಬೇಕು. 5.30ರ ನಂತರ ಹೋಗಿ. ಸುಂಡಲ್ ಮಾರುವವರು ಬರುತ್ತಾರೆ, ನಮ್ಮ ಉಸ್ಲಿ ತರಹವೇ, ಮಾವಿನಕಾಯಿ ತೆಂಗಿನಕಾಯಿ ಚೂರು ಹಾಕಿ ಕೊಡುತ್ತಾರೆ. ಮೂರು ಸಂಜೆಯೂ ಸಮುದ್ರಕ್ಕೇ ಹೋದರೂ ಪರವಾಗಿಲ್ಲ, ಮಕ್ಕಳಿಗೆ ಬೇಜಾರಾಗುವುದಿಲ್ಲ.

ವಾಪಸ್ ಬರುವ ದಿನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. 12ಕ್ಕೆ ರೂಮು ಖಾಲಿ ಮಾಡಿ ಸಂಜೆಯ ರೈಲಿಗೆ ಲಗೇಜು ಹೊತ್ತು ಕಾಯುವ ಆ ಐದು ಗಂಟೆ ಬಹಳ ಹಿಂಸೆ. ಬೆಳಗ್ಗೆ 7.30ರ ನಂತರ ಸೆಂಟ್ರಲ್ ಬಿಡುವ ಬೃಂದಾವನಕ್ಕೆ ಟಿಕೆಟ್ ಮಾಡಿ, ತಿಂಡಿ ಕಟ್ಟಿಸಿಕೊಂಡು ಹತ್ತಿ. ಸಂಜೆ ರೈಲೇ ಸಿಕ್ಕಿದರೆ ರೂಮನ್ನು ಅರ್ಧ ದಿನ ಜಾಸ್ತಿಗೆ ಕೇಳಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.